ಕನ್ನಡಿಯ ಕೈ

ಅಚ್ಚು ಮೂಳೆಯ ಮೇಲೆ ಕುಳಿತಾಗ ಟಕ್ಕೆಂದು ಸಣ್ಣ ಸದ್ದಾಯಿತು. ಕೂದಲೆಳೆಯಷ್ಟೂ ಅತ್ತಿತ್ತ ಆಗಿಲ್ಲವೆಂದು ಅದರ ಅರ್ಥ. ಆ ಸದ್ದು ಕೇಳಿದಾಗಲೆಲ್ಲ ಡಾ. ಶಾಂಭವಿ ಹೊಂಬಳ ಅವರಿಗೆ ಒಳಗೊಳಗೇ ಹಿಗ್ಗು. ಅದು ಅವರೇ ಕಂಡುಹಿಡಿದ ವಿದ್ಯೆ.

೨೦೫೭ರ ಹುಬ್ಬಳ್ಳಿಯಲ್ಲಿ ಮಣಿಕಟ್ಟು ಮುರಿದು ಬಂದವರು ಅರ್ಧ ದಿನದಲ್ಲಿ ಮನೆಗೆ ಹೋಗುತ್ತಿದ್ದರು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅನ್ನುತ್ತಾರೆ. ಶಾಂಭವಿಯವರ ಯಂತ್ರಕ್ಕೆ ಮಾತ್ರ ಕನ್ನಡಿಯೇ ಬೇಕು. ಅದು ಎರಡೂ ಕೈಗಳನ್ನು ಸ್ಕ್ಯಾನ್ ಮಾಡಿ, ನೆಟ್ಟಗಿರುವ ಕೈಯ ಚಿತ್ರವನ್ನು ಎಡಬಲ ತಿರುಗಿಸಿ, ಮುರಿದ ಮೂಳೆ ಹೇಗಿರಬೇಕೆಂದು ಲೆಕ್ಕ ಹಾಕುತ್ತಿತ್ತು. ಆ ಲೆಕ್ಕದಂತೆ ರೋಗಿಯ ಮೂಳೆಗೆ ಮಾತ್ರ ಹೊಂದುವ ಅಚ್ಚೊಂದು ಮುದ್ರಣವಾಗಿ ಬರುತ್ತಿತ್ತು. ಅದರ ತೂತುಗಳಲ್ಲಿ ಡ್ರಿಲ್ ಇಳಿಸಿ ಲೋಹದ ಪ್ಲೇಟು ಬಿಗಿದರೆ ಮುರಿದ ತುಂಡುಗಳು ಜಾಗಕ್ಕೆ ಬಂದು ಕೂರುತ್ತಿದ್ದವು. ಹನ್ನೊಂದು ವರ್ಷದಲ್ಲಿ ನಾಲ್ಕು ಸಾವಿರ ಕೈ. ಒಂದೂ ತಪ್ಪಿಲ್ಲವೆಂದು ದಾಖಲೆ ಹೇಳುತ್ತಿತ್ತು.

ಈಗ ಮೇಜಿನ ಮೇಲಿದ್ದವರು ಮಹಾದೇವಿ ಕೊಣ್ಣೂರ, ಖಾನಾವಳಿಯಲ್ಲಿ ಮೂವತ್ತು ವರ್ಷದಿಂದ ರೊಟ್ಟಿ ತಟ್ಟುವವರು. ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡಿದ್ದರು. ತೋಳಿಗಷ್ಟೇ ಅರಿವಳಿಕೆ ಕೊಟ್ಟಿದ್ದರಿಂದ ಎಚ್ಚರವಾಗಿದ್ದರು. ಹೆದರದಿರಲೆಂದು ಅರಿವಳಿಕೆಯ ಡಾ. ಫಾರೂಕ್ ಪರದೆಯನ್ನು ಅವರತ್ತ ತಿರುಗಿಸಿ, ಬಿಳಿ ಬಣ್ಣದ್ದು ಮುರಿದ ಕೈ, ಹಸಿರು ಬಣ್ಣದ್ದು ಇನ್ನು ಆಗುವ ಕೈ ಎಂದು ವಿವರಿಸಿದ್ದರು.

ಶಾಂಭವಿ ಡ್ರಿಲ್ ಎತ್ತಿಕೊಂಡರು.

"ಡಾಕ್ಟರ್ ಬಾಯಾರ, ಆ ಹಸರ ಕೈ ನನ್ನದಲ್ರಿ," ಎಂದರು ಮಹಾದೇವಿ.

ಡ್ರಿಲ್ ಅಲ್ಲೇ ನಿಂತಿತು. ಕೇಳಿದರೆ, ಒಂಬತ್ತು ವರ್ಷದವರಿದ್ದಾಗ ಹುಣಸೆಮರದಿಂದ ಬಿದ್ದು ಅದೇ ಮುಂಗೈಯ ಎರಡೂ ಮೂಳೆ ಮುರಿದಿದ್ದವಂತೆ. ನಾಟಿ ವೈದ್ಯರು ಬಿದಿರ ಪಟ್ಟಿ ಕಟ್ಟಿದ್ದರಂತೆ. ಕೈ ತುಸು ಗಿಡ್ಡವಾಗಿ, ತುಸು ಸೊಟ್ಟಗೆ ಕೂಡಿಕೊಂಡಿತ್ತು. ಫಾರ್ಮಿನಲ್ಲಿ ಹಿಂದೆ ಆಪರೇಷನ್ ಆಗಿತ್ತೇ ಎಂದು ಕೇಳಿದ್ದಕ್ಕೆ ಇಲ್ಲವೆಂದು ಬರೆಸಿದ್ದರು. ಕಟ್ಟು ಆಪರೇಷನ್ ಅಲ್ಲವಲ್ಲ.

ಶಾಂಭವಿ ಪರದೆಯ ಮೇಲೆ ಕಿರುಬೆರಳ ಕಡೆಯ ಮೂಳೆಯನ್ನು ಅಳೆದರು. ಈಗ ಮುರಿಯದೆ ಉಳಿದಿದ್ದ ಅದು ಎಡಗೈಯದಕ್ಕಿಂತ ಐದು ಮಿಲಿಮೀಟರ್ ಗಿಡ್ಡವಿತ್ತು. ಈಗ ಮುರಿದ ಹೆಬ್ಬೆರಳ ಕಡೆಯದನ್ನಷ್ಟೇ ಎಡಗೈಯಂತೆ ಉದ್ದ ಮಾಡಿದರೆ ಎರಡೂ ಒಂದರ ಸುತ್ತ ಒಂದು ತಿರುಗುವುದಿಲ್ಲ. ಎಕ್ಸ್‌ರೇ ಚಂದ ಕಾಣುತ್ತದೆ, ಅಂಗೈ ಮಗುಚುವುದಿಲ್ಲ, ರೊಟ್ಟಿಯೂ ಮಗುಚುವುದಿಲ್ಲ. ಪಕ್ಕದ ಮೂಳೆಯನ್ನು ನೋಡುವ ಭಾಗವನ್ನು ಇಪ್ಪತ್ತು ನಿಮಿಷ ಉಳಿಸಲೆಂದು ಯಂತ್ರದಿಂದ ಕಿತ್ತುಹಾಕಿದವರು ಅವರೇ.

ರಕ್ತ ತಡೆಯಲು ತೋಳಿಗೆ ಬಿಗಿದ ಪಟ್ಟಿಯನ್ನು ಇನ್ನು ನಲವತ್ತು ನಿಮಿಷದಲ್ಲಿ ಬಿಚ್ಚಲೇಬೇಕಿತ್ತು. ಹೊಸ ಅಚ್ಚಿಗೆ ಒಂದು ಗಂಟೆ ಬೇಕು.

"ಯಂತ್ರ ಹೇಳಿದಂಗ ಮಾಡಿದ್ರ ನಿಮ್ಮನ್ನ ಯಾರೂ ಕೇಳೂದಿಲ್ಲ," ಎಂದರು ಫಾರೂಕ್ ಮೆಲ್ಲಗೆ. "ಬಿಟ್ರ ಎಲ್ಲಾ ನಿಮ್ಮ ಮ್ಯಾಲೆ ಬರ್ತದ."

ಶಾಂಭವಿ ಅಚ್ಚನ್ನು ಕಳಚಿ ತಟ್ಟೆಗೆ ಹಾಕಿದರು.

ಹನ್ನೊಂದು ವರ್ಷದಿಂದ ಅವರು ಅಚ್ಚಿಲ್ಲದೆ ಒಂದು ಸ್ಕ್ರೂ ಕೂಡ ಹಾಕಿರಲಿಲ್ಲ. ತುಂಡುಗಳನ್ನು ಹಿಡಿದಿಡಲು ತೂರಿಸಿದ ಮೊದಲ ತಂತಿ ಜಾರಿತು. ಎರಡನೆಯದು ನಿಂತಿತು, ಆದರೆ ಮುಂಗೈಯನ್ನು ತಿರುಗಿಸಿದರೆ ಅಂಗೈ ಅರ್ಧಕ್ಕೇ ಸಿಕ್ಕಿಕೊಂಡಿತು. ಬಿಚ್ಚಿದರು. ಪಕ್ಕದ ಮೂಳೆಯನ್ನೇ ಅಳತೆಯಾಗಿಟ್ಟುಕೊಂಡು ತುಂಡುಗಳನ್ನು ಮತ್ತೆ ಜೋಡಿಸಿ ಪ್ಲೇಟು ಬಿಗಿದರು. ಫಾರೂಕ್ ನಿಮಿಷ ಎಣಿಸುತ್ತಿದ್ದರು. ಮಹಾದೇವಿ ಚಾವಣಿ ನೋಡುತ್ತ ತುಟಿ ಕಚ್ಚಿ ಮಲಗಿದ್ದರು. ಇನ್ನು ಆರು ನಿಮಿಷವಿರುವಾಗ ಅಂಗೈ ಮೇಲೆ ಬಂತು, ಕೆಳಗೆ ಹೋಯಿತು, ಎಲ್ಲೂ ತಡೆಯಲಿಲ್ಲ.

ಯಂತ್ರ ಕೊನೆಯ ಚಿತ್ರವನ್ನು ಹಸಿರು ಕೈಯೊಂದಿಗೆ ಹೋಲಿಸಿ, ನೂರಕ್ಕೆ ಅರವತ್ತೊಂದು ಹೊಂದಿಕೆ, ವಿಫಲ ಎಂದು ಬರೆದುಕೊಂಡಿತು. ಅದರ ದಾಖಲೆಯಲ್ಲಿ ಅದೇ ಮೊದಲ ಸೋಲು.

ಮರುದಿನ ಬೆಳಿಗ್ಗೆ ಶಾಂಭವಿ ಆ ಸೋಲನ್ನು ಬಿಟ್ಟು ಗೆಲುವುಗಳ ಪಟ್ಟಿ ತೆಗೆದರು. ಯಂತ್ರ ಎಲ್ಲವನ್ನೂ ಹಸಿರು ಚಿತ್ರಕ್ಕೆ ಹೋಲಿಸಿಯೇ ಗೆಲುವೆಂದು ಬರೆದಿತ್ತು. ಒಬ್ಬೊಬ್ಬರಿಗೇ ಫೋನ್ ಮಾಡಿ ಕೈ ಹೇಗಿದೆ ಎಂದು ಕೇಳತೊಡಗಿದರು. ಹೆಚ್ಚಿನವರು ಆರಾಮ ಎಂದರು. ಇಪ್ಪತ್ತೇಳನೆಯ ಕರೆ ಒಬ್ಬ ದರ್ಜಿಗೆ.

"ಕತ್ರಿ ಹಿಡಿಯಾಕ ಬರೂದಿಲ್ರಿ, ಎಂಟು ವರ್ಷಾತು," ಎಂದ. "ಫೋಟೋ ಭಾಳ ಚಂದ ಬಂದೈತಿ ಅಂತ ನೀವೆಲ್ಲಾ ಖುಷಿಯಾಗಿದ್ರಿ. ತಪ್ಪು ನಂದ ಇರಬೇಕಂತ ಸುಮ್ನಾದೆ."