ರೋಮ್ ಪರದೆಗೆ ಬೆಂಕಿ

1999ರ ಜನವರಿ 23, ಶನಿವಾರ ಬೆಳಿಗ್ಗೆ ತೆರಕಣಾಂಬಿ ಠಾಣೆಗೆ ನಾಟಕ ಸಂಘದ ಅಧ್ಯಕ್ಷ ಗಂಗಾಧರಸ್ವಾಮಿ ದೂರು ತಂದರು. ಗಣರಾಜ್ಯೋತ್ಸವದ ನಾಟಕಕ್ಕೆಂದು ಬರೆಸಿದ್ದ ರೋಮ್ ನಗರದ ಪರದೆಗಳನ್ನು ಸಂಘದ ಕೊಠಡಿಯಲ್ಲೇ ಯಾರೋ ಸುಟ್ಟಿದ್ದರು. ಸಬ್ ಇನ್‌ಸ್ಪೆಕ್ಟರ್ ನೀಲಕಂಠಸ್ವಾಮಿಗೆ ವಾರದಿಂದ ನೆಟ್ಟಗೆ ನಿದ್ದೆಯಿರಲಿಲ್ಲ. ಎಫ್‌ಐಆರ್ ದಾಖಲಿಸಿ, ಪೇದೆ ಮಾದಣ್ಣನನ್ನು ಕರೆದುಕೊಂಡು ಹೊರಟರು.

ಪಂಚನಾಮೆ ಬೇಗ ಮುಗಿಯಿತು. ಸೀಮೆಎಣ್ಣೆಯ ವಾಸನೆ ಇನ್ನೂ ಇತ್ತು. ಬೀಗ ಒಡೆದಿರಲಿಲ್ಲ. ಅಧ್ಯಕ್ಷರನ್ನು ಬಿಟ್ಟರೆ ಕೀಲಿ ಇದ್ದದ್ದು ನಾಟಕ ಬರೆದ ಶಿವರಾಮು ಮೇಷ್ಟರ ಬಳಿ. ನೀಲಕಂಠಸ್ವಾಮಿ ಅವರನ್ನು ಕರೆಸಿ ಕೇಳಿದರು.

"ಎಂಥ ನಾಟಕ ಇದು?"

"ರೋಮ್ ಗಣರಾಜ್ಯದ್ದು ಸಾರ್, 1849ರದು. ಪೋಪ್ ಊರು ಬಿಟ್ಟು ಓಡಿದ್ರು, ಜನಾನೇ ಆಳಿದ್ರು. ಮೇಲುಕೀಳು ಇಲ್ಲ ಅಂತ ಸಂವಿಧಾನ ಬರೆದ್ರು. ಐದು ತಿಂಗಳಿಗೇ ಫ್ರೆಂಚ್ ಸೈನ್ಯ ಮುಗಿಸಿಬಿಡ್ತು."

"ಕೀಲಿ ಯಾರಿಗೆ ಕೊಟ್ರಿ?"

"ನಿನ್ನೆ ಸಂಜೆ ನರ್ಸ್ ಶಾಂತಿ ಇಸ್ಕೊಂಡ್ರು. ಪಾತ್ರದ ಸೀರೆ ವಾಪಸ್ ಇಡಕ್ಕೆ."

"ನಾಟಕಾನೇ ಆಗಿಲ್ವಲ್ಲ?"

"ಅವರ ಪಾತ್ರ ತೆಗೆದ್ವಿ. ಯಾಕೆ ಅಂತ ಅವರನ್ನೇ ಕೇಳಿ ಸಾರ್."

ಆರೋಗ್ಯ ಉಪಕೇಂದ್ರದಲ್ಲಿ ಶಾಂತಿ ಮಗುವೊಂದಕ್ಕೆ ಚುಚ್ಚುಮದ್ದು ಹಾಕುತ್ತಿದ್ದಳು. ಎಡಗೈಗೆ ಪಟ್ಟಿ ಸುತ್ತಿತ್ತು.

"ಕೈಗೇನಾಯ್ತಮ್ಮ?"

"ಬೆಂಕಿ ತಾಕ್ತು. ಅಚ್ಚಿದ್ದು ನಾನೇ ಸಾರ್."

"ಯಾಕೆ?"

"ಗಾಯ ಆದ ಸಿಪಾಯಿಗೆ ನಾನು ನೀರು ಕುಡ್ಸೋ ಸೀನಿತ್ತು. ಸಿಪಾಯಿ ಅಧ್ಯಕ್ಷರ ಮಗ ಸೋಮಶೇಖರ್. ನಮ್ಮ ಕೇರಿಯೋಳ ಕೈನೀರ ಊರ ಮುಂದೆ ಎಂಗ್ ಕುಡ್ದಾನು ಅಂತ ಅವ್ರಪ್ಪ ಸೀನೇ ಕಿತ್ತಾಕ್ಬುಟ್ರು. ಅವ್ರ ಮೊಮ್ಮಗೀಗೆ ಪೋಲಿಯೋ ಹನಿ ಬುಟ್ಟೋಳು ನಾನೇ. ಆಗ ಯಾರೂ ಕೈ ನೋಡ್ನಿಲ್ಲ."

ಮಧ್ಯಾಹ್ನ ಶಾಂತಿಯನ್ನು ಠಾಣೆಗೆ ಕರೆತಂದ ಸುದ್ದಿ ಕೇಳಿ ಗಂಗಾಧರಸ್ವಾಮಿ ಏದುಸಿರು ಬಿಡುತ್ತ ಬಂದರು. "ಬುಟ್ಬುಡಿ ಸಾರ್, ದೂರು ವಾಪಸ್ ತಕ್ಕತೀನಿ. ಕೋರ್ಟಲ್ಲಿ ನಮ್ಮ ಮನೆ ಮಾತು ಬರೋದು ಬ್ಯಾಡ. ನೀವೂ ನಮ್ಮೋರೇ ಅಲ್ವಾ?"

ನೀಲಕಂಠಸ್ವಾಮಿ ಕಣ್ಣುಜ್ಜಿಕೊಂಡರು. ಹೂಂ ಅಂದಿದ್ದರೆ ಮನೆಗೆ ಹೋಗಿ ಮಲಗಬಹುದಿತ್ತು. ಶಾಂತಿಯ ಕಡೆ ನೋಡಿದರು.

"ಬ್ಯಾಡಿ ಸಾರ್, ಕೇಸ್ ನಡೀಲಿ. ಯಾಕ್ ಸುಟ್ಟೆ ಅಂತ ಜಡ್ಜ್ ಮುಂದೆ ಏಳ್ಬೇಕು ನಾನು."

"ಕೆಲಸ ಹೋಗಬಹುದಮ್ಮ."

"ಓಗ್ಲಿ."

ಅಧ್ಯಕ್ಷರನ್ನು ಹೊರಗೆ ಕಳಿಸಿ, ಮಾದಣ್ಣನ ಕೈಯಿಂದ ಪೆನ್ನು ತೆಗೆದುಕೊಂಡು ಅವಳ ಹೇಳಿಕೆಯನ್ನು ತಾವೇ ಬರೆದರು. ಒಂದು ಮಾತನ್ನೂ ಬಿಡಲಿಲ್ಲ. ಸಂಜೆ ಅವಳ ದಸ್ತಗಿರಿ ಆಯಿತು.

ಪರದೆಯ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಎರಡು ತಿಂಗಳು ತಾಲೀಮಿನಲ್ಲಿ ಆ ರೋಮಿನ ಬೀದಿಗಳಲ್ಲಿ ಎಲ್ಲರ ಜೊತೆ ಓಡಾಡಿದ್ದಳು. ಅದು ತನ್ನ ಊರೂ ಹೌದೆಂದು ನಂಬಿಬಿಟ್ಟಿದ್ದಳು.