ಹೆಸರಿಗೆ ಹತ್ತು ವರ್ಷ

ಬಾಗಿಲಲ್ಲಿ ನಿಂತವನನ್ನು ಅವಳು ಎ.ಸಿ. ರಿಪೇರಿಯವನೆಂದುಕೊಂಡಳು. ಮೂಲೆಯತ್ತ ಕೈ ತೋರಿಸಿ, ನೀರು ಸೋರುತ್ತಿದೆ ಎಂದಳು. ಅವನು ಹೋಗಿ ಕತ್ತೆತ್ತಿ ನೋಡಿ, ಕೆಳಗೆ ತುಂಬಿದ್ದ ಬಕೆಟ್ಟಿನ ನೀರನ್ನು ಹೊರಗೆ ಚೆಲ್ಲಿ ಬಂದ.

"ಇದು ನನ್ನ ಕೈಯಲ್ಲಾಗೋ ಕೆಲಸ ಅಲ್ಲ ಮೇಡಂ."

ಆಗಲೇ ದನಿಯ ಗುರುತು ಹತ್ತಿದ್ದು. ಬೆಟ್ಟದ ಮೇಲಿನ ದೂರದರ್ಶಕ ನಡೆಸುವವನು. ಇಷ್ಟು ವರ್ಷ ಫೋನಿನಲ್ಲಷ್ಟೇ ಕೇಳಿದ್ದಳು.

ಅವನು ತೆಗೆದು ಕಳಿಸುವ ಚಿತ್ರಗಳಲ್ಲಿ ಚುಕ್ಕಿಗಳ ಸ್ಥಾನ ಅಳೆಯುವುದು ಊರೊಳಗಿನ ಈ ಕಚೇರಿಯಲ್ಲಿ ಅವಳ ಕೆಲಸ. ಹಾಗೆ ಅಳೆಯುವಾಗ ಒಂದು ಚುಕ್ಕಿ ಮಾತ್ರ ನಕ್ಷತ್ರಗಳ ನಡುವೆ ಮೆಲ್ಲಗೆ ಸರಿದದ್ದು ಕಂಡಿತ್ತು. ಮಂಗಳ, ಗುರುಗಳ ನಡುವೆ ಸೂರ್ಯನನ್ನು ಸುತ್ತುವ ಲಕ್ಷಾಂತರ ಬಂಡೆಗಳಲ್ಲಿ ಒಂದು. ಅದುವರೆಗೆ ಯಾರ ಕಣ್ಣಿಗೂ ಬೀಳದ್ದು. ಅದರ ಕಕ್ಷೆ ಖಚಿತವಾಗಲು ವರ್ಷಗಳೇ ಹಿಡಿದವು. ಹೋದ ವಾರ ಅದಕ್ಕೆ ಕಾಯಂ ಸಂಖ್ಯೆ ಸಿಕ್ಕಿತು. ಇನ್ನು ಕಂಡುಹಿಡಿದವರು ಹೆಸರು ಸೂಚಿಸಬಹುದು.

ಕಚೇರಿಯವರೆಲ್ಲ ಬಂದು ಅಭಿನಂದಿಸಿದರು. ಅವಳಿಗೆ ಏನೂ ಅನಿಸಲಿಲ್ಲ. ಸಾಕಿ ಬೆಳೆಸಿದ ಅಕ್ಕ ತೀರಿಕೊಂಡ ಮೇಲೆ ಯಾವುದಕ್ಕೂ ಏನೂ ಅನಿಸುತ್ತಿರಲಿಲ್ಲ. ಅಳು ಕೂಡ ಬಂದಿರಲಿಲ್ಲ. ಜೋಮು ಹಿಡಿದ ಕಾಲೂರಿ ನಡೆಯುವವರ ಹಾಗೆ ಮನೆ, ಆಫೀಸು ಎಂದು ಓಡಾಡಿಕೊಂಡಿದ್ದಳು.

ಅವನು ಹೆಸರಿನ ವಿಷಯಕ್ಕೆಂದೇ ಬೆಟ್ಟ ಇಳಿದು ಬಂದಿದ್ದ.

"ನಿಮ್ಮಕ್ಕನ ಹೆಸರಿಡೋಣ ಅಂತ."

ಅವಳು ಕಿಟಕಿಯತ್ತ ತಿರುಗಿದಳು. "ಬೇಡ. ಅಕ್ಕನಿಗೆ ಚಳಿ ಆಗಿಬರ್ತಿರಲಿಲ್ಲ. ಸೂರ್ಯನಿಂದ ಅಷ್ಟು ದೂರ ಎಷ್ಟು ಚಳಿ ಅಂತ ನಿಮಗೂ ಗೊತ್ತು." ಮತ್ತೆ ಸೇರಿಸಿದಳು, "ಅದೂ ಅಲ್ಲದೆ, ಕ್ಷುದ್ರಗ್ರಹ ಅಂದ್ರೆ ಜಗಳಕ್ಕೇ ಬರ್ತಿದ್ಲು. ಕ್ಷುದ್ರ ಅಂತ ಯಾರನ್ನ ಅಂದಿದ್ದು ಅಂತ."

ಅವನ ತುಟಿಯಂಚು ನಗಲು ಹೊರಟು, ಅವಳ ಮುಖ ನೋಡಿ ನಡುದಾರಿಯಲ್ಲೇ ನಿಂತಿತು.

ಆಮೇಲೆ ಅವನು ನೆಲ ನೋಡುತ್ತಲೇ ಹೇಳಿದ. ಮೊದಲ ವರ್ಷ ಕಳೆದ ಮೇಲೆ ಆ ಬಂಡೆ ಅವನ ಕೆಲಸದ ಪಟ್ಟಿಯಲ್ಲೇ ಇರಲಿಲ್ಲವಂತೆ. ಆದರೂ ಬಿಡುವು ಸಿಕ್ಕಾಗಲೆಲ್ಲ ದೂರದರ್ಶಕವನ್ನು ಅತ್ತಲೇ ತಿರುಗಿಸುತ್ತಿದ್ದನಂತೆ. ಅದರ ಚಿತ್ರ ಬಂದರೆ ಅವಳು ಏನಾದರೊಂದು ಕೇಳಲು ಫೋನ್ ಮಾಡೇ ಮಾಡುತ್ತಾಳೆ ಎಂಬುದು ಅವನಿಗೆ ಗೊತ್ತಿತ್ತು.

"ಆ ಕಲ್ಲಿನ ಮೇಲೆ ನನಗೇನೂ ಪ್ರೀತಿ ಇರಲಿಲ್ಲ ಮೇಡಂ."

ಎದೆಯೊಳಗೆ ಏನಾದರೂ ಮಿಸುಕೀತೇ ಎಂದು ಅವಳು ಕಾದಳು. ಇಲ್ಲ. ಬೇರೆ ಯಾರಾದರೂ ಆಗಿದ್ದರೆ ಸುಮ್ಮನೆ ನಕ್ಕು ಸಾಗಹಾಕುತ್ತಿದ್ದಳೇನೋ. ಇವನಿಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

"ನನಗೀಗ ಏನೂ ಅನಿಸ್ತಿಲ್ಲ. ನಿಮ್ಮ ಮೇಲೆ ಅಂತಲ್ಲ, ಯಾವುದರ ಮೇಲೂ."

"ಗೊತ್ತು. ಫೋನಲ್ಲೇ ಗೊತ್ತಾಗಿತ್ತು."

ಅವನು ಬ್ಯಾಗು ಹೆಗಲಿಗೇರಿಸಿದ. ಹೆಸರಿಗೆ ಅವಸರವಿಲ್ಲ, ಸಂಖ್ಯೆ ಸಿಕ್ಕಿದ ಮೇಲೆ ಹತ್ತು ವರ್ಷದವರೆಗೂ ಹಕ್ಕು ಕಂಡುಹಿಡಿದವರದೇ ಎಂದ. ನಿಧಾನವಾಗಿ ಯೋಚಿಸಿದರಾಯಿತು ಎನ್ನುತ್ತ ಬಾಗಿಲ ತನಕ ಹೋದ.

"ಮತ್ತೆ ನೀವು?" ಎಂದಳು ಅವಳು. "ನೀವೆಷ್ಟು ವರ್ಷ ಕಾಯ್ತೀರಿ?"

ಅವನು ತಿರುಗಿದ. ಬಂದಾಗಿನಿಂದ ನೆಲ, ಗೋಡೆ, ಮೇಜುಗಳ ಮೇಲೆ ಅಲೆದ ಕಣ್ಣು ಈಗ ಅವಳ ಕಣ್ಣಿಗೆ ಬಂದು ನಿಂತಿತು; ಮತ್ತೆ ಸರಿಯಲಿಲ್ಲ.

"ನನಗೆ ಅಂಥ ರೂಲ್ಸ್ ಏನೂ ಇಲ್ಲ."

ಅವಳ ಕಣ್ಣು ಚುರುಗುಟ್ಟಿತು. ದುಃಖವೋ ಸಂತೋಷವೋ ತಿಳಿಯಲಿಲ್ಲ. ಅಕ್ಕ ಹೋದ ಮೇಲೆ ಮೊದಲ ಬಾರಿ ಕೆನ್ನೆ ಒದ್ದೆಯಾಯಿತು. ಅವಳು ಒರೆಸಿಕೊಳ್ಳಲಿಲ್ಲ.

"ಹತ್ತು ವರ್ಷ ಬೇಕಾಗ್ಲಿಕ್ಕಿಲ್ಲ," ಎಂದಳು.

ಎದುರಿನ ಕುರ್ಚಿಯ ಮೇಲೆ ಪೇರಿಸಿದ್ದ ಫೈಲುಗಳನ್ನೆಲ್ಲ ಎತ್ತಿ ನೆಲಕ್ಕಿಟ್ಟು, ಅವನಿಗೆ ಕೂತುಕೊಳ್ಳಲು ಹೇಳಿದಳು.