ಬಾಗಿಲು ತೆರೆದರೂ ನಿಲ್ಲದ ಯಂತ್ರ

ಹದಿನಾಲ್ಕನೇ ತಾರೀಖು, ಮಂಗಳವಾರ, ಬೆಳಿಗ್ಗೆ 11:20. ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಕಾರ್ಖಾನೆಯ ನೀಲಿ ಅಂಗಿ ತೊಟ್ಟಿದ್ದಳು. ಕಂಕುಳಲ್ಲಿ ಆರು ತಿಂಗಳ ಮಗು ನಿದ್ದೆ ಹೋಗಿತ್ತು.

“ಇದು ನನ್ನ ತಂಗಿ ಮಗು ಮೇಡಂ. ಶನಿವಾರ ಸತ್ತಳಲ್ಲ, ರದ್ದಿ ಕಾಗದದ ಕಾರ್ಖಾನೇಲಿ. ಅವಳದು.”

ಪ್ರಕರಣ ಇನ್‌ಸ್ಪೆಕ್ಟರ್‌ಗೆ ಗೊತ್ತಿತ್ತು. ಶನಿವಾರ ಅವರು ಊರಲ್ಲಿರಲಿಲ್ಲ. ಸಬ್‌ಇನ್‌ಸ್ಪೆಕ್ಟರ್ ಹೋಗಿ ಅಸಹಜ ಸಾವು ಎಂದು ದಾಖಲಿಸಿಕೊಂಡು ಬಂದಿದ್ದರು. ರದ್ದಿಯನ್ನು ಒತ್ತಿ ಕಟ್ಟು ಮಾಡುವ ಯಂತ್ರಕ್ಕೆ ಸಿಕ್ಕಿ ಮಧ್ಯಾಹ್ನ 3:10ಕ್ಕೆ ಸಾವು. ಕಾರಣ, ಕಾರ್ಮಿಕಳ ಅಜಾಗರೂಕತೆ.

“ನಿಮ್ಮ ದೂರೇನಮ್ಮ?”

“ಓಡೋ ಮೆಷಿನ್ ಬಾಗಿಲು ತೆಗೆದು ಕೈ ಹಾಕಿದ್ಲು ಅಂತ ಬರೆದಿದ್ದಾರೆ. ಆ ಬಾಗಿಲು ತೆಗೆದ ತಕ್ಷಣ ಮೆಷಿನ್ ತಾನಾಗೇ ನಿಲ್ಲತ್ತೆ. ನಾನು ಪ್ಯಾಕಿಂಗ್‌ನಲ್ಲಿರೋಳು, ಆದ್ರೂ ಎಷ್ಟೋ ಸಲ ನೋಡಿದ್ದೀನಿ. ಅವಳು ಆರು ವರ್ಷ ಅದರ ಮುಂದೆ ನಿಂತಿದ್ದಾಳೆ. ಆವತ್ತು ಯಾಕೆ ನಿಲ್ಲಲಿಲ್ಲ? ಯಾರನ್ನ ಕೇಳಿದ್ರೂ ಬಾಯಿ ಬಿಡ್ತಿಲ್ಲ.”

ದಫೇದಾರರು ಬರೆದುಕೊಳ್ಳುತ್ತಿದ್ದರು. ಅವಳು ಮಗುವನ್ನು ಇನ್ನೊಂದು ಮಗ್ಗುಲಿಗೆ ಬದಲಾಯಿಸಿದಳು.

“ಅಲ್ಲಿ ಅಂಥದ್ದೇ ಇನ್ನೊಂದು ಮೆಷಿನ್ ಇದೆ. ಎರಡನೇದು. ನಿನ್ನೆಯಿಂದ ಮತ್ತೆ ಓಡ್ತಿದೆ. ಇವತ್ತು ಎರಡು ಗಂಟೆ ಪಾಳಿಗೆ ಅದರ ಮುಂದೆ ನನ್ನನ್ನ ಹಾಕಿದ್ದಾರೆ.”

ಇನ್‌ಸ್ಪೆಕ್ಟರ್ ಗಡಿಯಾರ ನೋಡಿದರು. 11:50ಕ್ಕೆ ಎಫ್‌ಐಆರ್ ದಾಖಲಾಯಿತು. ಜೀಪು ಹೊರಟಿತು.

ಕಾರ್ಖಾನೆಯ ಗೇಟು ತೆಗೆದ ಕಾವಲುಗಾರ ಎಡಗೈಯಲ್ಲಿ ಸೆಲ್ಯೂಟ್ ಹೊಡೆದ. ಬಲಗೈ ಜೇಬಿನಲ್ಲೇ ಇತ್ತು. ಒಳಗೆ ಉದ್ದನೆಯ ಶೆಡ್ಡು, ಸೂರಿನ ತನಕ ಒದ್ದೆ ರಟ್ಟಿನ ರಾಶಿ, ಹುಳಿ ವಾಸನೆ. ಆಳುಗಳು ಪೊಲೀಸರನ್ನು ಕಂಡು ಮಾತು ನಿಲ್ಲಿಸಿದರು. ಎರಡನೇ ಯಂತ್ರ ಮಾತ್ರ ಒಂದೇ ಸಮನೆ ಸದ್ದು ಮಾಡುತ್ತಿತ್ತು. ಕಬ್ಬಿಣದ ಹಲಗೆ ಮುಂದೆ ಬಂದು ರದ್ದಿಯನ್ನು ಅಮುಕುವುದು, ಹಿಂದೆ ಸರಿಯುವುದು, ಮತ್ತೆ ಬರುವುದು.

ಮ್ಯಾನೇಜರ್ ಓಡಿ ಬಂದ. “ಮೊದಲು ಟೀ ತಗೊಳ್ಳಿ ಮೇಡಂ.”

“ಟೀ ಆಮೇಲಾಗಲಿ. ಒಂದು ಉದ್ದದ ಕೋಲು ಕೊಡಿ,” ಎಂದರು ದಫೇದಾರರು.

ಮ್ಯಾನೇಜರ್ ಹಿಂದೆ ಕನ್ನಡಕದ ಒಬ್ಬ ನಿಂತಿದ್ದ. ಸುರಕ್ಷತಾ ಅಧಿಕಾರಿ, ಆಳುಗಳ ಬಾಯಲ್ಲಿ ‘ಸೇಫ್ಟಿ ಸಾಹೇಬ್ರು’. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಮೂರು ಬಣ್ಣದ ಪೆನ್ನು.

ಮೊದಲನೇ ಯಂತ್ರವನ್ನು ತೊಳೆದು ನಿಲ್ಲಿಸಿದ್ದರು. ಇನ್‌ಸ್ಪೆಕ್ಟರ್ ಬಾಗಿಲ ಚೌಕಟ್ಟಿನ ಹತ್ತಿರ ಬಗ್ಗಿದರು. ಅಲ್ಲೊಂದು ಅಂಗೈಯಗಲದ ಸ್ವಿಚ್ಚು. ಯಂತ್ರದ ತುಂಬ ವರ್ಷಗಳ ಜಿಡ್ಡು ಕಚ್ಚಿಕೊಂಡಿತ್ತು. ಸ್ವಿಚ್ಚು, ಅದರ ನಾಲ್ಕು ಸ್ಕ್ರೂ ಮಾತ್ರ ಫಳಫಳ ಹೊಳೆಯುತ್ತಿದ್ದವು.

“ಇದನ್ನ ಯಾವಾಗ ಹಾಕಿದ್ದು?”

“ಮೊದಲಿಂದ ಇದ್ದಿದ್ದೇ,” ಎಂದ ಸೇಫ್ಟಿ ಸಾಹೇಬ.

ಇನ್‌ಸ್ಪೆಕ್ಟರ್ ಎರಡನೇ ಯಂತ್ರದ ಕಡೆ ತಿರುಗಿದರು. “ಅದರ ಬಾಗಿಲು ತೆಗೀರಿ.”

“ಓಡೋವಾಗ ತೆಗೆಯೋ ಹಾಗಿಲ್ಲ ಮೇಡಂ.”

“ಯಾಕೆ? ತೆಗೆದ್ರೆ ನಿಂತ್ಹೋಗತ್ತಲ್ಲ.”

ಆತ ಜೇಬಿನ ಪೆನ್ನು ಸರಿಮಾಡಿಕೊಂಡ.

ಎಲ್ಲರನ್ನೂ ಹತ್ತು ಹೆಜ್ಜೆ ಹಿಂದೆ ಸರಿಸಿ, ದಫೇದಾರರು ದೂರದಿಂದಲೇ ಕೋಲಿನಲ್ಲಿ ಬಾಗಿಲ ಚಿಲಕ ಎಳೆದರು. ಬಾಗಿಲು ಅಗಲವಾಗಿ ತೆರೆದುಕೊಂಡಿತು. ಹಲಗೆ ಅದೇ ವೇಗದಲ್ಲಿ ಮುಂದೆ ಬಂತು, ಅಮುಕಿತು, ಹಿಂದೆ ಸರಿಯಿತು. ಮತ್ತೆ ಬಂತು. ಹೊರಗೆ ಚಾಚಿಕೊಂಡಿದ್ದ ಒಂದು ರಟ್ಟಿನ ಪೆಟ್ಟಿಗೆ ಲಟಕ್ಕನೆ ಅಪ್ಪಚ್ಚಿಯಾಗಿ ಒಳಗೆ ಹೋಯಿತು. ಇಬ್ಬರು ಹೆಂಗಸರು ಮುಖ ಮುಚ್ಚಿಕೊಂಡರು.

“ನಿಲ್ಲಿಸಿ,” ಎಂದರು ಇನ್‌ಸ್ಪೆಕ್ಟರ್.

ಎರಡೂ ಯಂತ್ರಗಳ ಕರೆಂಟು ತೆಗೆಸಿ, ಫಲಕಗಳಿಗೆ ಬೀಗ ಜಡಿದು, ಕೀಲಿಗಳನ್ನು ತಮ್ಮ ಜೇಬಿಗೆ ಹಾಕಿಕೊಂಡರು. ಸಮಯ 12:55. ಪಂಚರ ಎದುರಿಗೆ ಪಂಚನಾಮೆ ಶುರುವಾಯಿತು. ಎರಡನೇ ಯಂತ್ರದ ಬಾಗಿಲಿಗೆ ಅಂಟಿಕೊಂಡಿರಬೇಕಾದ ಲೋಹದ ನಾಲಿಗೆ ಬಾಗಿಲಿನಲ್ಲಿರಲಿಲ್ಲ. ಅದನ್ನು ಬಿಚ್ಚಿ ಸ್ವಿಚ್ಚಿನೊಳಗೆ ತುರುಕಿ ಕಪ್ಪು ಟೇಪು ಸುತ್ತಲಾಗಿತ್ತು. ಬಾಗಿಲು ಸದಾ ಮುಚ್ಚಿಯೇ ಇದೆ ಎಂದು ಯಂತ್ರ ನಂಬಿತ್ತು.

ಮೊದಲು ಕರೆದದ್ದು ಫಿಟ್ಟರನನ್ನು. ಐವತ್ತು ದಾಟಿದ ಮನುಷ್ಯ, ಉಗುರಲ್ಲೆಲ್ಲ ಗ್ರೀಸು.

“ಟೇಪು ಸುತ್ತಿದ್ದು ಯಾರು?”

“ನಾನೇ.”

“ಯಾವಾಗ?”

“ಆರು ತಿಂಗಳಾಯ್ತು. ಎರಡರಲ್ಲೂ ಸ್ವಿಚ್ಚು ಹಳೇದಾಗಿ ಮೆಷಿನ್ ಸುಮ್‌ಸುಮ್ಮನೆ ನಿಲ್ತಿತ್ತು. ಹೊಸದು ಬೇಕು ಅಂದೆ. ಬರೋವರೆಗೆ ನಾಲ್ಕು ದಿನ ಹೀಗೆ ಓಡಿಸು ಅಂದ್ರು ಸೇಫ್ಟಿ ಸಾಹೇಬ್ರು.”

“ಬರಲೇ ಇಲ್ವಾ?”

“ಒಂದು ಬಂತು, ಮೂರು ತಿಂಗಳ ಹಿಂದೆ. ಹಾಕಕ್ಕೆ ಮೆಷಿನ್ ನಿಲ್ಲಿಸ್ಬೇಕು. ನಿಲ್ಲಿಸಕ್ಕೆ ರಿಜಿಸ್ಟರ್‌ನಲ್ಲಿ ಕಾರಣ ಬರೀಬೇಕು. ಕಾರಣ ಬರೆದ್ರೆ ಟೇಪಿನ ವಿಷಯ ಬರೀಬೇಕು. ‘ಇರಲಿ, ನೋಡೋಣ’ ಅಂದ್ರು. ಕೊನೆಗೆ ಶನಿವಾರ ಹಾಕು ಅಂದ್ರು, ಹಾಕಿದೆ.”

“ಎಷ್ಟೊತ್ತಿಗೆ?”

“ಅವಳನ್ನ ಹೊರಗೆ ತೆಗೆದ ಮೇಲೆ.”

ಸ್ಟೋರಿನ ಪುಸ್ತಕದಲ್ಲಿ ನಮೂದಿತ್ತು: ಶನಿವಾರ, 3:40, ಬಾಗಿಲ ಸ್ವಿಚ್ಚು ಒಂದು. ಠಾಣೆಗೆ ಫೋನು ಬಂದದ್ದು 4:45ಕ್ಕೆ.

“ಆರು ತಿಂಗಳು ಉಳಿದೋರು ಹೇಗೆ ಬಚಾವಾದ್ರು?” ದಫೇದಾರರು ಕೇಳಿದರು.

“ಮೊದಲು ಕೆಂಪು ಗುಂಡಿ ಒತ್ತಿ, ಆಮೇಲೆ ಬಾಗಿಲು ತೆಗೀಬೇಕು ಅಂತ ಎಲ್ಲರಿಗೂ ಅಭ್ಯಾಸ ಆಗಿತ್ತು ಸಾರ್. ಅವಳು ಹೆರಿಗೆಗೆ ರಜೆ ಹಾಕಿದ್ಲು, ಏಳು ತಿಂಗಳು. ಬಂದು ಎರಡನೇ ದಿನ ಅಷ್ಟೆ. ಕಾಗದ ಸಿಕ್ಕಿಹಾಕ್ಕೊಂಡಿತು, ಹಳೇ ರೂಢೀಲಿ ಬಾಗಿಲು ತೆಗೆದ್ಲು. ಅವಳಿಗೆ ಯಾರೂ ಹೇಳಿರಲಿಲ್ಲ.” ಅವನು ಅಂಗೈಯಿಂದ ಕಣ್ಣೊರೆಸಿಕೊಂಡ. ಕೆನ್ನೆಗೆ ಗ್ರೀಸು ಮೆತ್ತಿತು. “ನಾನೂ ಹೇಳಲಿಲ್ಲ.”

ಮಧ್ಯಾಹ್ನ 2:15ಕ್ಕೆ ಗೇಟಿನ ಕಾವಲುಗಾರ ತಾನಾಗಿಯೇ ಬಂದು ಬಾಗಿಲಲ್ಲಿ ನಿಂತ. ಈಗ ಬಲಗೈ ಜೇಬಿನಿಂದ ಹೊರಗಿತ್ತು. ಮೂರು ಬೆರಳು ಇರಲಿಲ್ಲ.

“ಇದೂ ಅದೇ ಮೆಷಿನ್ನೇ ಮೇಡಂ. ಐದು ತಿಂಗಳಾಯ್ತು. ಆಸ್ಪತ್ರೆಗೆ ಬಂದು ಸೇಫ್ಟಿ ಸಾಹೇಬ್ರೇ ಎಲ್ಲ ಕೇಳಿ ಬರ್ಕೊಂಡ್ರು. ಚೆನ್ನಾಗೇ ಬರೆದಿದ್ರು. ಸಹಿ ಹಾಕಿದೆ, ಫೋನಲ್ಲಿ ಫೋಟೋನೂ ತೆಗೆದಿಟ್ಟೆ. ನಾಲ್ಕು ದಿನ ಬಿಟ್ಟು ಇನ್ನೊಂದು ಕಾಗದ ತಂದ್ರು. ಅದರಲ್ಲಿ ತಪ್ಪೆಲ್ಲ ನಂದೇ. ಗೇಟಲ್ಲಿ ಕೆಲಸ ಕೊಡಿಸ್ತೀನಿ ಅಂದ್ರು.” ತಲೆ ತಗ್ಗಿಸಿದ. “ಅದಕ್ಕೂ ಸಹಿ ಹಾಕಿದೆ.”

ಇನ್‌ಸ್ಪೆಕ್ಟರ್ ಫೋಟೋ ದೊಡ್ಡದು ಮಾಡಿ ಓದಿದರು. ಎರಡು ಪುಟ, ಮುತ್ತಿನಂಥ ಅಕ್ಷರ. ಅಪಘಾತಕ್ಕೆ ಮೂಲ ಕಾರಣ: ಬಾಗಿಲ ಸ್ವಿಚ್ಚನ್ನು ನಿಷ್ಕ್ರಿಯಗೊಳಿಸಿರುವುದು. ಎರಡೂ ಯಂತ್ರಗಳನ್ನು ಕೂಡಲೇ ನಿಲ್ಲಿಸಬೇಕು. ಹೊಸ ಸ್ವಿಚ್ಚು ಹಾಕದೆ ಓಡಿಸಕೂಡದು. ಪ್ರತಿ ಪಾಳಿಗೆ ಮೊದಲು ಬಾಗಿಲು ತೆರೆದು ಪರೀಕ್ಷಿಸಬೇಕು. ರಜೆ ಮುಗಿಸಿ ಬಂದವರಿಗೆ ಮತ್ತೆ ತರಬೇತಿ ಕೊಡಬೇಕು. ಕೊನೆಯ ಸಾಲು: ಇಲ್ಲವಾದಲ್ಲಿ ಮುಂದಿನ ಸಲ ಜೀವ ಹೋಗುತ್ತದೆ.

ಫೋನು ದಫೇದಾರರ ಕೈಗೆ ಹೋಯಿತು. ಅವರು ಓದಿ ಮುಗಿಸಿ ಕೊನೆಯ ಸಾಲನ್ನು ಮತ್ತೊಮ್ಮೆ ಓದಿದರು.

ಆ ವರದಿಯನ್ನು ತಾನು ಕಂಡೇ ಇಲ್ಲ ಎಂದ ಮ್ಯಾನೇಜರ್. ಅದು ನಿಜವೇ ಆಗಿತ್ತು. ಯಾರಿಗೂ ಅದು ರವಾನೆಯಾದ ದಾಖಲೆ ಸಿಗಲಿಲ್ಲ. ಆದರೆ ‘ಬಾಗಿಲ ಸ್ವಿಚ್ಚು ಸರಿ ಇದೆ’ ಎಂಬ ತಿಂಗಳ ತಪಾಸಣೆಯ ಆರೂ ಹಾಳೆಗಳಲ್ಲಿ ಅವನ ಸಹಿಯಿತ್ತು.

“ಸ್ವಿಚ್ಚು ನೋಡಿದ್ರಾ?”

“ಸೇಫ್ಟಿಯವರು ಹಾಳೆ ತಂದಿಟ್ರು, ನಾನು ಸಹಿ ಹಾಕಿದೆ.”

“ಯಂತ್ರದ ಹತ್ತಿರ ಒಂದು ಸಲವಾದ್ರೂ ಹೋಗಿದ್ರಾ?”

“ಇಲ್ಲ,” ಎಂದ ಮ್ಯಾನೇಜರ್. ಅವನ ಹೆಸರು ಎರಡನೇ ಆರೋಪಿಯಾಗಿ ಸೇರಿತು.

ನಾಲ್ಕು ಗಂಟೆಗೆ ಕಾರ್ಖಾನೆಗಳ ತಪಾಸಣಾ ಇಲಾಖೆಗೆ ಪತ್ರ ಹೋಯಿತು. ಮುಂದೆ ಹೀಗಾಗದಂತೆ ಕೈಗೊಳ್ಳಬೇಕಾದ ಕ್ರಮಗಳೇನು ಎಂಬಲ್ಲಿ ಆ ಎರಡು ಪುಟವನ್ನು ಅಕ್ಷರ ಬಿಡದೆ ನಕಲು ಮಾಡಿಸಿದರು ಇನ್‌ಸ್ಪೆಕ್ಟರ್. ಇಲಾಖೆ ಒಪ್ಪುವವರೆಗೆ ಎರಡೂ ಯಂತ್ರಗಳ ಬೀಗ ತೆಗೆಯುವಂತಿಲ್ಲ ಎಂದು ಸೇರಿಸಿದರು. ಸತ್ತವಳ ಅಕ್ಕನಿಗೆ ಫೋನು ಮಾಡಿ ವಿಷಯ ತಿಳಿಸಿದರು. ಆ ಕಡೆಯಿಂದ ಮಗು ಅಳುವುದು ಕೇಳಿಸುತ್ತಿತ್ತು. “ಹಾಗಾದ್ರೆ ಯಾರನ್ನೂ ಅದರ ಮುಂದೆ ನಿಲ್ಲಿಸಲ್ಲ ಅಲ್ವಾ?” ಎಂದು ಅವಳು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು.

4:50ಕ್ಕೆ ಸುರಕ್ಷತಾ ಅಧಿಕಾರಿಯನ್ನು ಅವನ ಕೋಣೆಯಲ್ಲೇ ಬಂಧಿಸಿದರು. ನಿರ್ಲಕ್ಷ್ಯದಿಂದ ಸಾವಿಗೆ ಕಾರಣ, ಸಾಕ್ಷ್ಯ ನಾಶ, ಸುಳ್ಳು ದಾಖಲೆ. ಆತ ತಕರಾರು ಮಾಡಲಿಲ್ಲ. ಪೆನ್ನುಗಳನ್ನು ಜೇಬಿನಿಂದ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟು ಎದ್ದ.

ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಎದುರಿಗೆ ಕೂತು ಒಂದೇ ಪ್ರಶ್ನೆ ಕೇಳಿದರು. “ಸರಿಯಾಗಿ ಬರೆದಿದ್ರಿ. ಯಾಕೆ ಕಳಿಸಲಿಲ್ಲ?”

“ಹಿಂದೆ ಒಂದ್ಸಲ ಕಳಿಸಿದ್ದೆ,” ಎಂದ. “ಬೇರೆ ಕಾರ್ಖಾನೆ. ಬಾಯ್ಲರ್ ಸವೆದಿತ್ತು, ಇವತ್ತೋ ನಾಳೆಯೋ ಒಡೆಯೋ ಹಾಗಿತ್ತು. ಬರೆದೆ, ನಿಲ್ಲಿಸಿದೆ. ಎರಡು ತಿಂಗಳು ಬಾಗಿಲು ಹಾಕಿದ್ರು. ಆಳುಗಳೇ ಮನೆ ಮುಂದೆ ಬಂದು ಉಗಿದು ಹೋದ್ರು, ನಮ್ಮ ಅನ್ನ ಕಿತ್ಕೊಂಡೆ ಅಂತ. ನನ್ನನ್ನ ಮನೆಗೆ ಕಳಿಸಿದ್ರು. ಎರಡು ವರ್ಷ ಯಾರೂ ಕೆಲಸಕ್ಕೆ ಸೇರಿಸ್ಕೊಳ್ಳಲಿಲ್ಲ. ಹೋದಲ್ಲೆಲ್ಲ ನನ್ನ ಹೆಸರು ನನಗಿಂತ ಮುಂಚೆ ಹೋಗಿರೋದು. ಇಲ್ಲಿಗೆ ಸೇರಿದ ದಿನ ನನ್ನ ಹೆಂಡತಿ ಒಂದೇ ಮಾತು ಹೇಳಿದ್ಲು, ಈ ಸಲ ಏನೂ ಬರೀಬೇಡಿ ಅಂತ.”

ದಫೇದಾರರ ಪೆನ್ನು ನಿಂತಿತು. “ಆ ಬಾಯ್ಲರ್ ಏನಾಯ್ತು?”

“ಏನೂ ಆಗಲಿಲ್ಲ ಸಾರ್. ರಿಪೇರಿ ಮಾಡಿಸಿದ್ರು. ಒಡೀಲೇ ಇಲ್ಲ.” ಆತ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದ. “ಒಡೀಲಿಲ್ಲವಲ್ಲ, ಅದಕ್ಕೇ ಯಾರೂ ನನ್ನ ನಂಬಲಿಲ್ಲ.”



“ಇದನ್ನೂ ಬರ್ಕೊಳ್ಳಲಾ ಮೇಡಂ?” ದಫೇದಾರರು ಕೇಳಿದರು.

“ಬರ್ಕೊಳ್ಳಿ,” ಎಂದರು ಇನ್‌ಸ್ಪೆಕ್ಟರ್. “ಒಂದಕ್ಷರ ಬಿಡಬೇಡಿ.”